ನೀರನ್ನು ಹಂಚುವುದೋ, ನೀರಿನ ಫಲವನ್ನು ಹಂಚುವುದೋ: ನೆರೆ ದೇಶಗಳ ಮುಂದಿರುವ ದಾರಿಗಳ ಹೋಲಿಕೆ

ಭಾರತ ಮತ್ತು ಬಾಂಗ್ಲಾದೇಶಗಳ ನಡುವಿನ ಗಂಗಾ ಒಪ್ಪಂದದ ಮೂವತ್ತು ವರ್ಷಗಳ ಅವಧಿ 2026ರ ಡಿಸೆಂಬರ್‌ಗೆ ಮುಗಿಯುತ್ತದೆ. ಪಾಕಿಸ್ತಾನದೊಂದಿಗಿನ ಸಿಂಧೂ ಒಪ್ಪಂದವನ್ನು ಭಾರತ 2025ರ ಏಪ್ರಿಲ್‌ನಲ್ಲಿ ಅಮಾನತಿನಲ್ಲಿಟ್ಟಿತು. ಈ ಎರಡು ಸಂಗತಿಗಳನ್ನು ಹಿಡಿದು ಬೆಂಗಳೂರಿನ ಓದುಗರು ನನಗೆ ಕೇಳುತ್ತಿರುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: ಕೊರತೆಯ ನೀರನ್ನು ನೆರೆ ದೇಶಗಳು ಹಂಚಿಕೊಳ್ಳಲು ಅರ್ಥಶಾಸ್ತ್ರ ತೋರಿಸುವ ದಾರಿಗಳಲ್ಲಿ ಯಾವುದು ಮೇಲು? ಪಾಲು ಹಾಕಿ ಅಳೆದು ಕೊಡುವುದೇ, ಬೆಲೆ ಕಟ್ಟಿ ಮಾರುವುದೇ, ಅಣೆಕಟ್ಟೆಯಿಂದ ಬರುವ ವಿದ್ಯುತ್ತು ಮತ್ತು ಬೆಳೆಯ ಲಾಭವನ್ನು ಹಂಚಿಕೊಳ್ಳುವುದೇ, ಇಲ್ಲವೇ ಸಮುದ್ರದ ನೀರನ್ನು ಸಿಹಿ ಮಾಡಿ ಜಗಳವನ್ನೇ ತಪ್ಪಿಸಿಕೊಳ್ಳುವುದೇ? ಕೇಳಿದವರಲ್ಲಿ ನಾಗರಿಕ ಸೇವಾ ಪರೀಕ್ಷೆಗೆ ಓದುತ್ತಿರುವವರಿದ್ದಾರೆ, 2024ರ ಬೇಸಿಗೆಯನ್ನು ಟ್ಯಾಂಕರ್ ನೀರಿನಲ್ಲೇ ಕಳೆದ ಅಪಾರ್ಟ್‌ಮೆಂಟ್ ವಾಸಿಗಳಿದ್ದಾರೆ, ಮದ್ದೂರಿನ ಕಡೆ ನಾಲೆಯ ಕೊನೆಯ ಭಾಗದಲ್ಲಿ ಗದ್ದೆ ಇಟ್ಟುಕೊಂಡು ವಿಜಯನಗರದಲ್ಲಿ ಮನೆ ಮಾಡಿರುವವರೂ ಇದ್ದಾರೆ. ಇವರೆಲ್ಲರಿಗೂ ಒಪ್ಪುವ ಒಂದೇ ಉತ್ತರವಿಲ್ಲ. ಆದ್ದರಿಂದ ಮೊದಲು ಅಳತೆಗೋಲುಗಳನ್ನು ಇಟ್ಟು, ಆಮೇಲೆ ಒಂದೊಂದು ದಾರಿಯನ್ನೂ ಅವುಗಳ ಎದುರು ನಿಲ್ಲಿಸಿ ನೋಡುತ್ತೇನೆ.

ಅದಕ್ಕೂ ಮೊದಲು ಒಂದು ಎಚ್ಚರಿಕೆ ಅಗತ್ಯ. ಕಾವೇರಿಯ ಅನುಭವದಿಂದ ನಾವು ಬಹಳಷ್ಟು ಕಲಿಯಬಹುದಾದರೂ ಅದು ಒಂದೇ ದೇಶದ ರಾಜ್ಯಗಳ ನಡುವಿನ ನದಿ. 1990ರಲ್ಲಿ ರಚನೆಯಾದ ನ್ಯಾಯಮಂಡಳಿ 2007ರಲ್ಲಿ 740 ಟಿಎಂಸಿ ಅಡಿ ನೀರನ್ನು ಹಂಚಿತು. ಆ ತೀರ್ಪನ್ನು ಪ್ರಶ್ನಿಸಿದಾಗ ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಕರ್ನಾಟಕದ ಪಾಲನ್ನು 14.75 ಟಿಎಂಸಿ ಅಡಿ ಹೆಚ್ಚಿಸಿ, ಅದರಲ್ಲಿ 4.75ನ್ನು ಬೆಂಗಳೂರಿನ ಅಗತ್ಯಕ್ಕೆಂದು ಗುರುತಿಸಿ, ರಾಜ್ಯದ ಗಡಿಯಲ್ಲಿರುವ ಮಾಪನ ಕೇಂದ್ರ ಬಿಳಿಗುಂಡ್ಲುವಿನಲ್ಲಿ ತಮಿಳುನಾಡಿಗೆ ಹರಿಸಬೇಕಾದ ಪ್ರಮಾಣವನ್ನು 192ರಿಂದ 177.25ಕ್ಕೆ ಇಳಿಸಿತು. ಎರಡು ಸಾರ್ವಭೌಮ ದೇಶಗಳ ನಡುವೆ ಹೀಗೆ ಕೊನೆಯ ಮಾತು ಹೇಳುವ ಪೀಠವಿಲ್ಲ. ವಿಶ್ವಸಂಸ್ಥೆ 1997ರಲ್ಲಿ ಅಂಗೀಕರಿಸಿದ, 2014ರಲ್ಲಿ ಜಾರಿಗೆ ಬಂದ ಜಲಮಾರ್ಗಗಳ ಒಡಂಬಡಿಕೆಯು ‘ನ್ಯಾಯೋಚಿತ ಮತ್ತು ಸಮಂಜಸ ಬಳಕೆ’ ಎಂಬ ತತ್ತ್ವವನ್ನು ಹೇಳುತ್ತದೆಯೇ ಹೊರತು ಯಾರಿಗೆ ಎಷ್ಟು ಎಂದು ಹೇಳುವುದಿಲ್ಲ. ಹೀಗಿರುವಾಗ, ಮುರಿಯುವುದಕ್ಕಿಂತ ಪಾಲಿಸುವುದೇ ಎರಡೂ ಕಡೆಗೆ ಲಾಭವೆನ್ನಿಸುವಂತೆ ಒಪ್ಪಂದವನ್ನು ಕಟ್ಟಬೇಕಾಗುತ್ತದೆ. ಅರ್ಥಶಾಸ್ತ್ರದ ಕೆಲಸ ಶುರುವಾಗುವುದು ಇಲ್ಲಿಂದ.

ಹೊರದೇಶಗಳ ಅಂಕಿಗಳನ್ನು ನಮ್ಮ ಲೆಕ್ಕಕ್ಕೆ ತರಲು ಒಂದು ಪರಿವರ್ತನೆ ನೆನಪಿರಲಿ: ಒಂದು ಟಿಎಂಸಿ ಅಡಿ ಎಂದರೆ ಸುಮಾರು 2.83 ಕೋಟಿ ಘನ ಮೀಟರ್. ಕೃಷ್ಣರಾಜಸಾಗರದ (ಕನ್ನಂಬಾಡಿ) ಪೂರ್ಣ ಸಂಗ್ರಹ 49.45 ಟಿಎಂಸಿ ಅಡಿ.

ಯಾವುದರಿಂದ ಅಳೆಯಬೇಕು

ನನ್ನ ಮೊದಲ ಅಳತೆಗೋಲು ಬರದ ವರ್ಷ. ಮಳೆ ಚೆನ್ನಾಗಿ ಬಿದ್ದ ವರ್ಷ ಯಾವ ಒಪ್ಪಂದವೂ ಚೆನ್ನಾಗಿಯೇ ನಡೆಯುತ್ತದೆ. ಕಾವೇರಿಯಲ್ಲಿ ಕನ್ನಂಬಾಡಿ ತುಂಬಿದ ವರ್ಷಗಳಲ್ಲಿ ಬಂದ್ ನಡೆದದ್ದು ಕಡಿಮೆ. 2012, 2016, 2023ರಂತಹ ಕೊರತೆಯ ವರ್ಷಗಳಲ್ಲಿ ಬಿಕ್ಕಟ್ಟು ಬೀದಿಗೆ ಬಂತು. ಕೊರತೆಯನ್ನು ಹೇಗೆ ಹಂಚಬೇಕೆಂಬ ಸಂಕಷ್ಟ ಸೂತ್ರಕ್ಕಾಗಿ ನಾವು ದಶಕಗಳಿಂದ ಹೋರಾಡುತ್ತಿರುವುದಕ್ಕೆ ಇದೇ ಕಾರಣ. ಆದ್ದರಿಂದ ಯಾವುದೇ ವಿಧಾನವನ್ನು ಮೆಚ್ಚುವ ಮುನ್ನ, ನದಿಯಲ್ಲಿ ಅರ್ಧವೇ ನೀರಿರುವಾಗ ಅದು ಏನು ಹೇಳುತ್ತದೆ ಎಂದು ಕೇಳಬೇಕು.

ಎರಡನೆಯದು ಅಳತೆ ಮತ್ತು ನಂಬಿಕೆ. ಗಡಿಯಲ್ಲಿ ಹರಿಯುವ ನೀರನ್ನು ಇಬ್ಬರೂ ಸೇರಿ ಅಳೆಯಬಲ್ಲರೇ, ಅಥವಾ ಒಬ್ಬರು ಅಳೆದದ್ದನ್ನು ಇನ್ನೊಬ್ಬರು ನಂಬಬೇಕೇ ಎಂಬುದು ಇಲ್ಲಿನ ಪ್ರಶ್ನೆ. ಮೂರನೆಯದು ಹಣ: ಮೊದಲ ಬಂಡವಾಳ ಯಾರದು, ಬರುವ ಆದಾಯ ಯಾರಿಗೆ, ಮುಳುಗುವ ಊರು ಯಾರದು. ನಾಲ್ಕನೆಯದು ಕಾಲ. ನೀರಿನ ಒಪ್ಪಂದಗಳು ಮೂವತ್ತು, ಐವತ್ತು, ನೂರು ವರ್ಷ ಬಾಳುತ್ತವೆ. ಅಷ್ಟರಲ್ಲಿ ಬೆಲೆ, ಜನಸಂಖ್ಯೆ, ಮಳೆ ಎಲ್ಲವೂ ಬದಲಾಗುತ್ತವೆ. ಪರಿಷ್ಕರಣೆಗೆ ಬಾಗಿಲು ಇದೆಯೇ ಎಂದು ನೋಡದೆ ಸಹಿ ಹಾಕಿದವರ ಪಾಡನ್ನು ಮುಂದೆ ನೋಡಲಿದ್ದೇವೆ.

ಪಾಲು ಹಾಕುವುದು

ಇದು ಎಲ್ಲಕ್ಕಿಂತ ಹಳೆಯ ಮತ್ತು ಸರಳ ದಾರಿ. ಇದರಲ್ಲೂ ಮೂರು ಬಗೆಗಳಿವೆ, ಅವುಗಳ ನಡುವಿನ ವ್ಯತ್ಯಾಸ ಸಣ್ಣದಲ್ಲ.

ಒಂದು, ನದಿಗಳನ್ನೇ ಹಂಚಿಕೊಳ್ಳುವುದು. 1960ರ ಸಿಂಧೂ ಒಪ್ಪಂದದಲ್ಲಿ ರಾವಿ, ಬಿಯಾಸ್, ಸಟ್ಲೆಜ್ ಭಾರತಕ್ಕೂ, ಸಿಂಧೂ, ಝೀಲಂ, ಚೆನಾಬ್ ಮುಖ್ಯವಾಗಿ ಪಾಕಿಸ್ತಾನಕ್ಕೂ ಹೋದವು. ಪೂರ್ವದ ನದಿಗಳಿಂದ ನೀರುಣ್ಣುತ್ತಿದ್ದ ಪಾಕಿಸ್ತಾನದ ನಾಲೆಗಳಿಗೆ ಪಶ್ಚಿಮದ ನದಿಗಳಿಂದ ನೀರು ತರುವ ಕಾಮಗಾರಿಗಾಗಿ ಭಾರತ 6.206 ಕೋಟಿ ಪೌಂಡ್‌ಗಳನ್ನು ಹತ್ತು ವಾರ್ಷಿಕ ಕಂತುಗಳಲ್ಲಿ ಕೊಟ್ಟಿತು; ವಿಶ್ವ ಬ್ಯಾಂಕ್ ನಡುವೆ ನಿಂತು ಉಳಿದ ಹಣವನ್ನು ಹೊಂದಿಸಿತು. ಅರ್ಥಶಾಸ್ತ್ರದ ದೃಷ್ಟಿಯಿಂದ ಇದು ದುಬಾರಿ ವ್ಯವಸ್ಥೆ, ಏಕೆಂದರೆ ಒಂದೇ ಕೊಳ್ಳವನ್ನು ಒಟ್ಟಾಗಿ ನಡೆಸಿದ್ದರೆ ಸಿಗಬಹುದಾಗಿದ್ದ ಲಾಭವನ್ನು ಎರಡೂ ದೇಶಗಳು ಬಿಟ್ಟುಕೊಟ್ಟವು. ಆದರೆ ಪ್ರತಿದಿನ ಒಬ್ಬರನ್ನೊಬ್ಬರು ಕೇಳಬೇಕಾದ ಅಗತ್ಯ ಕಡಿಮೆಯಾದ್ದರಿಂದಲೇ ಅದು 1965, 1971, 1999ರ ಯುದ್ಧಗಳನ್ನು ದಾಟಿ ಬಂತು. ನಂಬಿಕೆ ತೀರಾ ಕಡಿಮೆಯಿರುವಲ್ಲಿ ಆ ನಷ್ಟವನ್ನು ಶಾಂತಿಗೆ ತೆತ್ತ ವಿಮೆಯ ಕಂತೆಂದು ನೋಡುವುದು ಸರಿ ಎಂಬುದು ನನ್ನ ಅಭಿಪ್ರಾಯ.

ಎರಡು, ನಿಗದಿತ ಪ್ರಮಾಣ. 1959ರಲ್ಲಿ ಈಜಿಪ್ಟ್ ಮತ್ತು ಸುಡಾನ್ ನೈಲ್ ನದಿಯ ವಾರ್ಷಿಕ ಹರಿವನ್ನು 8,400 ಕೋಟಿ ಘನ ಮೀಟರ್ ಎಂದು ಹಿಡಿದು, 1,000 ಕೋಟಿಯನ್ನು ಆವಿಯಾಗಿ ಹೋಗುವುದಕ್ಕೆ ಬಿಟ್ಟು, ಈಜಿಪ್ಟಿಗೆ 5,550 ಮತ್ತು ಸುಡಾನಿಗೆ 1,850 ಕೋಟಿ ಎಂದು ಬರೆದುಕೊಂಡವು. ಈಜಿಪ್ಟಿನ ಪಾಲು ನಮ್ಮ ಲೆಕ್ಕದಲ್ಲಿ ಸುಮಾರು 1,960 ಟಿಎಂಸಿ ಅಡಿ. ಆ ನೀರಿನ ಬಹುಪಾಲು ಹುಟ್ಟುವ ಇಥಿಯೋಪಿಯಾವನ್ನು ಮಾತುಕತೆಗೆ ಕರೆಯಲೇ ಇಲ್ಲ. ಇಂದು ಅದೇ ಇಥಿಯೋಪಿಯಾ ನೀಲಿ ನೈಲ್ ಮೇಲೆ 7,400 ಕೋಟಿ ಘನ ಮೀಟರ್ ಹಿಡಿಯುವ ಅಣೆಕಟ್ಟೆಯನ್ನು ಕಟ್ಟಿ 2025ರಲ್ಲಿ ಉದ್ಘಾಟಿಸಿದೆ. ಹಳೆಯ ಕಾಗದಕ್ಕೆ ಅದು ಬದ್ಧವಲ್ಲ. ಅಮೆರಿಕ ಮತ್ತು ಮೆಕ್ಸಿಕೊ ನಡುವಿನ 1944ರ ಒಪ್ಪಂದವೂ ನಿಗದಿತ ಪ್ರಮಾಣದ್ದೇ. ಕೊಲರಾಡೊ ನದಿಯಿಂದ ಮೆಕ್ಸಿಕೊಗೆ ವರ್ಷಕ್ಕೆ ಸುಮಾರು 65 ಟಿಎಂಸಿ ಅಡಿ ಬರಬೇಕು. ರಿಯೊ ಗ್ರಾಂಡೆ ಕಡೆಯಿಂದ ಮೆಕ್ಸಿಕೊ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ ಸುಮಾರು 15 ಟಿಎಂಸಿ ಅಡಿ ಕೊಡಬೇಕು. ‘ಅಸಾಧಾರಣ ಬರ’ ಬಂದರೆ ವಿನಾಯಿತಿ ಇದೆ, ಆದರೆ ಅಸಾಧಾರಣ ಬರ ಎಂದರೇನು ಎಂಬುದನ್ನು ಒಪ್ಪಂದ ಹೇಳಲಿಲ್ಲ. 2020ರಲ್ಲಿ ಮೆಕ್ಸಿಕೊದ ಚಿಹುವಾಹುವಾ ರಾಜ್ಯದ ರೈತರು ಅಣೆಕಟ್ಟೆಗೇ ಮುತ್ತಿಗೆ ಹಾಕುವಷ್ಟರ ಮಟ್ಟಿಗೆ ಬಾಕಿ ನೀರಿನ ಜಗಳ ಬೆಳೆಯಿತು. ಅಸಾಧಾರಣವೆಂಬ ಪದಕ್ಕೆ ಒಂದು ಅಂಕಿ ಜೋಡಿಸಿದ್ದರೆ ಆ ಜಗಳದ ಅರ್ಧ ಭಾಗವಾದರೂ ತಪ್ಪುತ್ತಿತ್ತು.

ಮೂರು, ಅನುಪಾತ. 1996ರ ಗಂಗಾ ಒಪ್ಪಂದದ ಪ್ರಕಾರ ಜನವರಿ 1ರಿಂದ ಮೇ 31ರವರೆಗೆ ಬಾಂಗ್ಲಾದೇಶದ ಗಡಿಯ ಬಳಿ ಪಶ್ಚಿಮ ಬಂಗಾಳದಲ್ಲಿರುವ ಫರಕ್ಕಾ ಬ್ಯಾರೇಜ್‌ನಲ್ಲಿ ಹರಿವು 70,000 ಕ್ಯೂಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಇಬ್ಬರಿಗೂ ಸಮಪಾಲು. 70,000ದಿಂದ 75,000ದವರೆಗೆ ಬಾಂಗ್ಲಾದೇಶಕ್ಕೆ 35,000, ಉಳಿದದ್ದು ಭಾರತಕ್ಕೆ. ಅದಕ್ಕಿಂತ ಹೆಚ್ಚಿದ್ದರೆ ಭಾರತಕ್ಕೆ 40,000, ಉಳಿದದ್ದು ಬಾಂಗ್ಲಾದೇಶಕ್ಕೆ. ಕೊರತೆಯಾದಾಗ ಅದು ತಾನಾಗಿಯೇ ಇಬ್ಬರ ಮೇಲೂ ಬೀಳುವುದರಿಂದ ನನ್ನ ಮೊದಲ ಅಳತೆಗೋಲಿನಲ್ಲಿ ಇದು ನಿಗದಿತ ಪ್ರಮಾಣಕ್ಕಿಂತ ಸ್ಪಷ್ಟವಾಗಿ ಮೇಲು. ವೆಚ್ಚವೂ ಕಡಿಮೆ, ಬೇಕಾಗುವುದು ಜಂಟಿ ಮಾಪನ ತಂಡ ಮಾತ್ರ. ಆದರೆ ಅಳತೆ ಶುರುವಾಗುವುದು ಫರಕ್ಕಾದಲ್ಲಿ. ಅದಕ್ಕೂ ಮೇಲೆ ಉತ್ತರ ಪ್ರದೇಶ, ಬಿಹಾರಗಳಲ್ಲಿ ಬಳಕೆ ಹೆಚ್ಚಿದಷ್ಟೂ ಹಂಚಲು ಸಿಗುವ ನೀರೇ ಕುಗ್ಗುತ್ತದೆ.

ಬೆಲೆ ಕಟ್ಟುವುದು

ಬೆಂಗಳೂರಿನಲ್ಲಿ ಈ ದಾರಿಯ ಪರ ಹೆಚ್ಚು ಜನ ಮಾತನಾಡುತ್ತಾರೆ, ಅದಕ್ಕೆ ಕಾರಣವೂ ಇದೆ. 2024ರ ಮಾರ್ಚ್‌ನಲ್ಲಿ ಜಿಲ್ಲಾಡಳಿತ ಟ್ಯಾಂಕರ್ ದರ ನಿಗದಿ ಮಾಡಿದಾಗ, ಐದು ಕಿಲೋಮೀಟರ್ ಒಳಗೆ 6,000 ಲೀಟರಿಗೆ 600 ರೂಪಾಯಿ ಎಂದಿತು. ಅಂದರೆ ಸಾವಿರ ಲೀಟರಿಗೆ ನೂರು ರೂಪಾಯಿ. ಭತ್ತದ ಗದ್ದೆಯಲ್ಲಿ ಅಷ್ಟೇ ನೀರು ತರುವ ಆದಾಯ ಇದರ ಸಣ್ಣ ಭಾಗ. ಬೆಲೆಯಲ್ಲಿ ಇಷ್ಟು ಅಂತರವಿರುವಾಗ ರೈತನಿಗೆ ಗದ್ದೆಯ ಆದಾಯಕ್ಕಿಂತ ಹೆಚ್ಚು ಕೊಟ್ಟು ನೀರನ್ನು ನಗರಕ್ಕೆ ಪಡೆದರೆ ಇಬ್ಬರಿಗೂ ಲಾಭವಲ್ಲವೇ ಎಂಬ ವಾದವನ್ನು ತಳ್ಳಿಹಾಕುವುದು ಸುಲಭವಲ್ಲ. ಆಸ್ಟ್ರೇಲಿಯಾದ ಮರ್ರೆ–ಡಾರ್ಲಿಂಗ್ ಕೊಳ್ಳದಲ್ಲಿ ರೈತರು ತಮ್ಮ ನೀರಿನ ಹಕ್ಕನ್ನು ರಾಜ್ಯಗಳ ಗಡಿ ದಾಟಿಸಿಯೂ ಮಾರುತ್ತಾರೆ. ಆದರೆ ಅಲ್ಲಿ ಒಂದೇ ದೇಶದ ಕಾನೂನಿದೆ, ಒಟ್ಟು ಬಳಕೆಗೆ ಮಿತಿಯಿದೆ, ಬಳಕೆಯ ಬಹುಪಾಲಿಗೆ ಮೀಟರ್ ಇದೆ. ದೇಶಗಳ ನಡುವೆ ಅಂತಹ ಮುಕ್ತ ಮಾರುಕಟ್ಟೆ ಬೆಳೆದಿಲ್ಲ. ಅಲ್ಲಿರುವುದು ಸರ್ಕಾರ ಸರ್ಕಾರಕ್ಕೆ ಮಾಡುವ ದೀರ್ಘಾವಧಿ ಮಾರಾಟ.

ಅದರ ಅತಿ ಪ್ರಸಿದ್ಧ ಉದಾಹರಣೆ ಸಿಂಗಪುರ ಮತ್ತು ಮಲೇಷ್ಯಾ. 1962ರ ಒಪ್ಪಂದದಂತೆ ಜೊಹೊರ್ ನದಿಯಿಂದ ಸಿಂಗಪುರ ದಿನಕ್ಕೆ 25 ಕೋಟಿ ಗ್ಯಾಲನ್ ನೀರನ್ನು 2061ರವರೆಗೆ ಪಡೆಯಬಹುದು. ಬ್ರಿಟಿಷ್ ಗ್ಯಾಲನ್ ಲೆಕ್ಕದಲ್ಲಿ ಇದು ವರ್ಷಕ್ಕೆ 14.65 ಟಿಎಂಸಿ ಅಡಿ, ಅಂದರೆ 2018ರಲ್ಲಿ ಸುಪ್ರೀಂ ಕೋರ್ಟ್ ನಮಗೆ ಹೆಚ್ಚಿಸಿಕೊಟ್ಟದ್ದಕ್ಕೆ ಬಹುತೇಕ ಸಮ. ಬೆಲೆ ಸಾವಿರ ಗ್ಯಾಲನ್‌ಗೆ ಮೂರು ಸೆನ್ (ಮಲೇಷ್ಯಾದ ರಿಂಗಿಟ್‌ನ ನೂರನೇ ಒಂದು ಭಾಗ ಒಂದು ಸೆನ್). ಇಂದಿನ ವಿನಿಮಯದಲ್ಲಿ ನಾಲ್ಕೂವರೆ ಸಾವಿರ ಲೀಟರಿಗೆ ಒಂದು ರೂಪಾಯಿಯೂ ಆಗುವುದಿಲ್ಲ. ಇಪ್ಪತ್ತೈದು ವರ್ಷಗಳ ನಂತರ ಬೆಲೆ ಪರಿಷ್ಕರಿಸಲು ಅವಕಾಶವಿತ್ತು. 1987ರಲ್ಲಿ ಮಲೇಷ್ಯಾ ಅದನ್ನು ಬಳಸಲಿಲ್ಲ, ಏಕೆಂದರೆ ಅದೇ ಒಪ್ಪಂದದಡಿ ಶುದ್ಧೀಕರಿಸಿದ ನೀರನ್ನು ಸಿಂಗಪುರದಿಂದ ಸಾವಿರ ಗ್ಯಾಲನ್‌ಗೆ ಐವತ್ತು ಸೆನ್‌ನಂತೆ, ತಯಾರಿಕೆಯ ವೆಚ್ಚಕ್ಕಿಂತ ಕಡಿಮೆಗೆ, ಜೊಹೊರ್ ಕೊಳ್ಳುತ್ತಿತ್ತು. ಆ ಗಡುವು ಮೀರಿದ ಮೇಲೆ ಹಕ್ಕೇ ಹೋಯಿತೆಂಬುದು ಸಿಂಗಪುರದ ನಿಲುವು, ಹೋಗಿಲ್ಲವೆಂಬುದು ಮಲೇಷ್ಯಾದ ನಿಲುವು. ದಶಕಗಳಿಂದ ಈ ವಾದ ನಡೆಯುತ್ತಿದೆ. ಕೊಳ್ಳುವ ದೇಶಕ್ಕೆ ಇದು ಅಗ್ಗವಾಗಿ ಕಂಡರೂ, ಮಾರುವ ದೇಶದ ಅಸಮಾಧಾನ ಮತ್ತೆ ಮತ್ತೆ ಮೇಲೇಳುವುದರಿಂದ ಸಿಂಗಪುರ ಬಳಸಿದ ನೀರನ್ನೇ ಶುದ್ಧೀಕರಿಸುವ, ಸಮುದ್ರದ ನೀರನ್ನು ಸಿಹಿ ಮಾಡುವ ಘಟಕಗಳಿಗೆ ಭಾರೀ ಹಣ ಹಾಕಬೇಕಾಯಿತು. ಬೆಲೆಯನ್ನು ಒಂದು ಅಂಕಿಯಲ್ಲಿ ಬರೆದದ್ದೇ ಇಲ್ಲಿನ ಮೂಲ ತಪ್ಪು. ಹಣದುಬ್ಬರಕ್ಕೋ ಪರ್ಯಾಯ ನೀರಿನ ವೆಚ್ಚಕ್ಕೋ ಅದನ್ನು ಕಟ್ಟಿಹಾಕಿದ್ದರೆ ಇಬ್ಬರೂ ನೆಮ್ಮದಿಯಿಂದಿರುತ್ತಿದ್ದರು.

ಪರ್ಯಾಯದ ವೆಚ್ಚಕ್ಕೆ ಬೆಲೆಯನ್ನು ಕಟ್ಟಿಹಾಕಿದ ಒಪ್ಪಂದ ಆಫ್ರಿಕಾದಲ್ಲಿದೆ. ಎತ್ತರದ ಬೆಟ್ಟಗಳ ಪುಟ್ಟ ದೇಶ ಲೆಸೊಥೊ, ಅದನ್ನು ಸುತ್ತುವರಿದ ದಕ್ಷಿಣ ಆಫ್ರಿಕಾ, ಎರಡೂ 1986ರಲ್ಲಿ ಸಹಿ ಹಾಕಿದವು. ದಕ್ಷಿಣ ಆಫ್ರಿಕಾ ಅದೇ ನೀರನ್ನು ತನ್ನ ನೆಲದಲ್ಲೇ ತಗ್ಗಿನಿಂದ ಪಂಪ್ ಮಾಡಿ ತಂದಿದ್ದರೆ ಎಷ್ಟು ಖರ್ಚಾಗುತ್ತಿತ್ತು, ಲೆಸೊಥೊದ ಬೆಟ್ಟಗಳಿಂದ ಇಳಿಜಾರಿನಲ್ಲಿ ತಂದರೆ ಎಷ್ಟು ಎಂಬುದರ ವ್ಯತ್ಯಾಸವನ್ನು ಲೆಕ್ಕಹಾಕಿ, ಆ ಉಳಿತಾಯದಲ್ಲಿ ಶೇ 56ನ್ನು ಲೆಸೊಥೊಗೆ ರಾಯಧನವಾಗಿ ಕೊಡುವುದೆಂದು ಒಪ್ಪಿದರು. ನೀರು ಸಾಗಿಸುವ ಕಾಮಗಾರಿಯ ಬಂಡವಾಳದ ಹೊಣೆ ದಕ್ಷಿಣ ಆಫ್ರಿಕಾದ್ದು. 72 ಮೆಗಾವಾಟ್‌ನ ಜಲವಿದ್ಯುತ್ ಘಟಕ ಲೆಸೊಥೊದ್ದು. 1998ರಿಂದ ನೀರು ಹರಿಯುತ್ತಿದೆ. ಹಣವಿಲ್ಲದ, ನೀರಿರುವ ಮೇಲ್ಭಾಗದ ದೇಶಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ. ಆದರೆ ರಾಯಧನ ಸೇರುವುದು ಸರ್ಕಾರದ ಬೊಕ್ಕಸಕ್ಕೆ. ಮುಳುಗಿದ ಹೊಲ ಮತ್ತು ಹುಲ್ಲುಗಾವಲು ಬೆಟ್ಟದ ರೈತರದ್ದು. ಈ ದಾರಿಯನ್ನು ಆರಿಸುವವರು ಸಂತ್ರಸ್ತರ ಪಾಲನ್ನು ಒಪ್ಪಂದದೊಳಗೇ ಬರೆಯಬೇಕು. ನಂತರದ ಪರಿಹಾರ ಯೋಜನೆಗೆ ಬಿಟ್ಟರೆ ಏನಾಗುತ್ತದೆ ಎಂಬುದನ್ನು ಕರ್ನಾಟಕದ ಮುಳುಗಡೆ ಊರುಗಳ ಜನ ಬಲ್ಲರು.

ಫಲವನ್ನು ಹಂಚಿಕೊಳ್ಳುವುದು

ಹಳೆಯ ಮೈಸೂರು ಸೀಮೆಯ ಕೆರೆಗಳ ಕೆಳಗೆ, ಮುಖ್ಯವಾಗಿ ಕೋಲಾರದ ಕಡೆ, ದಾಮಾಷಾ ಎಂಬ ಪದ್ಧತಿ ಇತ್ತು. ಕೆರೆ ಪೂರ್ತಿ ತುಂಬದ ವರ್ಷ ಇಡೀ ಅಚ್ಚುಕಟ್ಟಿಗೆ ನೀರು ಬಿಡುತ್ತಿರಲಿಲ್ಲ. ಎಷ್ಟು ನೀರಿದೆ ಎಂದು ನೋಡಿ, ತೂಬಿಗೆ ಹತ್ತಿರದ ಜಮೀನನ್ನಷ್ಟೇ ಬೆಳೆಗೆ ಆರಿಸಿ, ಆ ಜಮೀನು ಯಾರದ್ದೇ ಆಗಿರಲಿ, ಆ ವರ್ಷದ ಮಟ್ಟಿಗೆ ಎಲ್ಲ ಹಿಡುವಳಿದಾರರಿಗೂ ಅವರವರ ಹಿಡುವಳಿಯ ಅನುಪಾತದಲ್ಲಿ ತುಂಡು ಹಾಕಿ ಕೊಡುತ್ತಿದ್ದರು. ನೀರುಗಂಟಿ ಅಷ್ಟಕ್ಕೇ ನೀರು ಹಾಯಿಸುತ್ತಿದ್ದ. ಕೊನೆಯ ಗದ್ದೆಯವರೆಗೆ ನೀರು ಹರಿಸಿ ದಾರಿಯಲ್ಲೇ ಅರ್ಧ ಇಂಗಿಹೋಗುವುದಕ್ಕಿಂತ, ನೀರು ಹೆಚ್ಚು ಫಲ ಕೊಡುವ ಜಾಗದಲ್ಲಿ ಬೆಳೆದು ಫಲವನ್ನು ಹಂಚಿಕೊಳ್ಳುವುದು ಎಲ್ಲರಿಗೂ ಮೇಲೆಂದು ಆ ಊರುಗಳಿಗೆ ತಿಳಿದಿತ್ತು. ದೇಶಗಳ ನಡುವಿನ ಲಾಭ ಹಂಚಿಕೆ ಇದೇ ತರ್ಕವನ್ನು ದೊಡ್ಡ ನದಿಗೆ ಅನ್ವಯಿಸುತ್ತದೆ.

ಕೆನಡಾ ಮತ್ತು ಅಮೆರಿಕ 1961ರಲ್ಲಿ ಸಹಿ ಮಾಡಿ 1964ರಲ್ಲಿ ಜಾರಿಗೆ ತಂದ ಕೊಲಂಬಿಯಾ ನದಿ ಒಪ್ಪಂದದಲ್ಲಿ ನೀರಿನ ಪಾಲಿನ ಮಾತು ಪ್ರಧಾನವೇ ಅಲ್ಲ. ಕೆನಡಾ ತನ್ನ ನೆಲದಲ್ಲಿ ಮೂರು ಜಲಾಶಯಗಳನ್ನು ಕಟ್ಟಿ ಪ್ರವಾಹವನ್ನು ಹಿಡಿದು ಹದವಾಗಿ ಬಿಟ್ಟರೆ, ಕೆಳಗೆ ಅಮೆರಿಕದ ಅಣೆಕಟ್ಟೆಗಳಲ್ಲಿ ಹೆಚ್ಚುವರಿ ವಿದ್ಯುತ್ ಹುಟ್ಟುತ್ತದೆ. ಆ ಹೆಚ್ಚುವರಿಯಲ್ಲಿ ಅರ್ಧ ಕೆನಡಾದ್ದು. ಜೊತೆಗೆ ಅರವತ್ತು ವರ್ಷಗಳ ಪ್ರವಾಹ ರಕ್ಷಣೆಗಾಗಿ ಅಮೆರಿಕ 6.44 ಕೋಟಿ ಡಾಲರ್ ಕೊಟ್ಟಿತು. ಕೆನಡಾ ತನ್ನ ವಿದ್ಯುತ್ ಪಾಲನ್ನು ಮೊದಲ ಮೂವತ್ತು ವರ್ಷಗಳಿಗೆ 25.4 ಕೋಟಿ ಡಾಲರಿಗೆ ಮುಂಗಡವಾಗಿ ಮಾರಿ, ಆ ಹಣವನ್ನು ಅಣೆಕಟ್ಟೆಗಳಿಗೆ ಬಳಸಿಕೊಂಡಿತು. ಮೇಲ್ಭಾಗದ ದೇಶ ನೀರು ಹಿಡಿದಿಡುವುದು ಇಲ್ಲಿ ಬೆದರಿಕೆಯಾಗುವ ಬದಲು ಕೆಳಭಾಗದವರು ಹಣ ಕೊಟ್ಟು ಪಡೆಯುವ ಸೇವೆಯಾಯಿತು. ಕೊರತೆಯೂ ಇದೆ: ಕಣಿವೆಗಳಿಂದ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಎಬ್ಬಿಸಲಾಯಿತು, ಮೂಲನಿವಾಸಿಗಳನ್ನು ಕೇಳಲಿಲ್ಲ, ಸಾಲ್ಮನ್ ಮೀನಿನ ಬಗ್ಗೆ ಯೋಚಿಸಲಿಲ್ಲ. ಇತ್ತೀಚಿನ ಮರುಮಾತುಕತೆಯಲ್ಲಿ ಇವೆಲ್ಲ ಮೇಜಿನ ಮೇಲೆ ಬಂದವು.

ಬ್ರೆಜಿಲ್ ಮತ್ತು ಪರಾಗ್ವೆಗಳ ಇಟೈಪು ಅಣೆಕಟ್ಟೆ 14,000 ಮೆಗಾವಾಟ್‌ನದು. 1973ರ ಒಪ್ಪಂದದಂತೆ ವಿದ್ಯುತ್ತು ಅರ್ಧರ್ಧ. ಆದರೆ ಪರಾಗ್ವೆ ತನಗೆ ಬೇಡವಾದದ್ದನ್ನು ಬ್ರೆಜಿಲ್‌ಗೆ ಮಾತ್ರ ಕೊಡಬೇಕೆಂಬ ಷರತ್ತಿನಿಂದ, ಸಮಪಾಲು ಎಂಬುದು ಬಹುಕಾಲ ಕಾಗದದ ಮೇಲಿನ ಸಮಪಾಲಾಗಿಯೇ ಉಳಿಯಿತು. ಬಡ ಪಾಲುದಾರ ತನ್ನ ಪಾಲನ್ನು ಮೂರನೆಯವರಿಗೆ ಮಾರಲು ಸ್ವತಂತ್ರನೇ ಎಂದು ಕೇಳುವುದನ್ನು ಮರೆಯಬಾರದು.

ಮೂವರೂ ಬಡವರಾಗಿದ್ದರೆ? ಸೆನೆಗಲ್ ನದಿಯ ಮಾಲಿ, ಮಾರಿಟೇನಿಯಾ, ಸೆನೆಗಲ್ ದೇಶಗಳು 1972ರಲ್ಲಿ ಜಂಟಿ ಸಂಸ್ಥೆ ಕಟ್ಟಿ, ಅಣೆಕಟ್ಟೆಗಳನ್ನು ಯಾವೊಂದು ದೇಶದ್ದೂ ಅಲ್ಲದ ಸಾಮೂಹಿಕ ಆಸ್ತಿಯೆಂದು ಘೋಷಿಸಿ, ಸಾಲವನ್ನು ಒಟ್ಟಾಗಿ ಎತ್ತಿದವು. ಅವುಗಳಲ್ಲೊಂದಾದ ಮನಾಂತಾಲಿ ಅಣೆಕಟ್ಟೆಯ 200 ಮೆಗಾವಾಟ್‌ನಲ್ಲಿ ಮಾಲಿಗೆ ಶೇ 52, ಸೆನೆಗಲ್‌ಗೆ 33, ಮಾರಿಟೇನಿಯಾಕ್ಕೆ 15. ಸೆನೆಗಲ್ ಮತ್ತು ಮಾರಿಟೇನಿಯಾ ನಡುವೆ 1989ರಲ್ಲಿ ರಕ್ತಪಾತವೇ ನಡೆದರೂ ಸಂಸ್ಥೆ ಉಳಿಯಿತು. ಆದರೆ ನದಿಯ ನೆರೆಯನ್ನು ನಂಬಿ ಬಿತ್ತುತ್ತಿದ್ದ ರೈತರು ಮತ್ತು ಮೀನುಗಾರರು ಬೆಲೆ ತೆತ್ತರು.

ಲಾಭ ಹಂಚಿಕೆಯ ದೊಡ್ಡ ಮಿತಿ ಇದು: ಹಂಚಲು ಲಾಭ ಹುಟ್ಟಬೇಕು. ಬೆಟ್ಟ, ಎತ್ತರ, ಸಂಗ್ರಹಕ್ಕೆ ಜಾಗ ಇರುವಲ್ಲಿ ಅದು ಹುಟ್ಟುತ್ತದೆ. ಎರಡೂ ಕಡೆ ಬಯಲು, ಎರಡೂ ಕಡೆ ಒಂದೇ ಹಂಗಾಮಿನಲ್ಲಿ ಭತ್ತ ಎಂದಾದರೆ ಕಷ್ಟ.

ವಿನಿಮಯ

ಮಧ್ಯ ಏಷ್ಯಾದ ಸಿರ್ ದರ್ಯಾ ನದಿಯ ಮೇಲ್ಭಾಗದ ಕಿರ್ಗಿಸ್ತಾನಕ್ಕೆ ಚಳಿಗಾಲದಲ್ಲಿ ಮನೆ ಬೆಚ್ಚಗಿಡಲು ವಿದ್ಯುತ್ ಬೇಕು. ಕೆಳಗಿನ ಉಜ್ಬೇಕಿಸ್ತಾನ, ಕಜಾಕಿಸ್ತಾನಗಳಿಗೆ ಬೇಸಿಗೆಯಲ್ಲಿ ಹತ್ತಿಗೆ ನೀರು ಬೇಕು. ನಡುವೆ ಇರುವುದು ಟೊಕ್ಟೊಗುಲ್ ಜಲಾಶಯ, ಸುಮಾರು ಹದಿನಾಲ್ಕು ಕನ್ನಂಬಾಡಿಗಳಷ್ಟು. 1998ರ ಒಪ್ಪಂದದಲ್ಲಿ ಕಿರ್ಗಿಸ್ತಾನ ಬೇಸಿಗೆಯಲ್ಲಿ ನೀರು ಬಿಡುವುದು, ಪ್ರತಿಯಾಗಿ ಚಳಿಗಾಲಕ್ಕೆ ಕಲ್ಲಿದ್ದಲು, ಅನಿಲ, ಇಂಧನ ತೈಲ ಪಡೆಯುವುದು ಎಂದಾಯಿತು. ಕಾಗದದ ಮೇಲೆ ಇದಕ್ಕಿಂತ ಚೆಂದದ ವಿನಿಮಯವಿಲ್ಲ. ಆದರೆ ಮಳೆ ಚೆನ್ನಾಗಿ ಬಿದ್ದ ವರ್ಷ ಕೆಳಗಿನವರಿಗೆ ಹೆಚ್ಚು ನೀರು ಬೇಡವಾಗುತ್ತಿತ್ತು, ಇಂಧನವೂ ಬರುತ್ತಿರಲಿಲ್ಲ. ಆಗ ಕಿರ್ಗಿಸ್ತಾನ ಚಳಿಗಾಲದಲ್ಲೇ ನೀರು ಬಿಟ್ಟು ವಿದ್ಯುತ್ ತೆಗೆಯುತ್ತಿತ್ತು, ಕೆಳಗಿನ ಹೆಪ್ಪುಗಟ್ಟಿದ ನದಿಪಾತ್ರದಲ್ಲಿ ಪ್ರವಾಹ ಬರುತ್ತಿತ್ತು. ನೀರು ಹಿಡಿದಿಡುವ ಸೇವೆಗೆ ಪ್ರತಿ ವರ್ಷ ನಿಶ್ಚಿತ ಬಾಡಿಗೆ ಗೊತ್ತುಮಾಡದೆ, ಬಿಟ್ಟ ನೀರಿಗೆ ಮಾತ್ರ ಇಂಧನ ಎಂದು ವ್ಯವಹರಿಸಿದ್ದೇ ಅದರ ದೋಷ. ಕೊನೆಗೆ ಕಜಾಕಿಸ್ತಾನ ಚಳಿಗಾಲದ ನೀರನ್ನು ಹಿಡಿಯಲೆಂದೇ ಕೊಕ್ಸರಾಯ್ ಎಂಬ ಪ್ರತ್ಯೇಕ ಜಲಾಶಯವನ್ನು ಕಟ್ಟಿಕೊಂಡಿತು. ಮೇಲೆ ಅಷ್ಟು ದೊಡ್ಡ ಜಲಾಶಯ ಇರುವಾಗ ಕೆಳಗೆ ಮತ್ತೊಂದಕ್ಕೆ ಹಣ ಸುರಿಯಬೇಕಾಯಿತು.

ಸಣ್ಣ ಪ್ರಮಾಣದಲ್ಲಿ ವಿನಿಮಯ ನಡೆದಿದೆ. 1994ರ ಶಾಂತಿ ಒಪ್ಪಂದದಂತೆ ಇಸ್ರೇಲ್ ಚಳಿಗಾಲದಲ್ಲಿ ಯಾರ್ಮುಕ್ ನದಿಯಿಂದ 2 ಕೋಟಿ ಘನ ಮೀಟರ್ ಹೆಚ್ಚುವರಿ ನೀರು ತೆಗೆದುಕೊಂಡು ಬೇಸಿಗೆಯಲ್ಲಿ ಜೋರ್ಡಾನ್‌ಗೆ ಅಷ್ಟೇ ಹಿಂದಿರುಗಿಸುತ್ತದೆ. ಸಂಗ್ರಹಕ್ಕೆ ಜಾಗವಿಲ್ಲದ ಜೋರ್ಡಾನ್‌ಗೆ ಇದು ನೆರೆಯವರ ಕಣಜದಲ್ಲಿ ಧಾನ್ಯ ಇಟ್ಟಂತೆ. ಆದರೆ ಬರದ ಬಗ್ಗೆ ಆ ಒಪ್ಪಂದ ಏನನ್ನೂ ಹೇಳದ್ದರಿಂದ 1999ರ ಬರದಲ್ಲಿ ಇಸ್ರೇಲ್ ನೀರು ಕಡಿತದ ಮಾತೆತ್ತಿ ಬಿಕ್ಕಟ್ಟಾಯಿತು.

ನೀರನ್ನು ಉಳಿಸಲು, ಹೊಸದಾಗಿ ತರಲು ಹಣ ಹಾಕುವುದು

ಅಮೆರಿಕ–ಮೆಕ್ಸಿಕೊ ಒಪ್ಪಂದಕ್ಕೆ ಕೊಲರಾಡೊ ನದಿಯ ವಿಷಯದಲ್ಲಿ 2017ರಲ್ಲಿ ಆದ ತಿದ್ದುಪಡಿ ನನಗೆ ಬಹಳ ಹಿಡಿಸಿದ್ದು. ಮೆಕ್ಸಿಕೊದ ನಾಲೆಗಳಿಗೆ ಕಾಂಕ್ರೀಟ್ ಹಾಸುವುದೇ ಮೊದಲಾದ ಉಳಿತಾಯ ಕಾಮಗಾರಿಗೆ ಅಮೆರಿಕ 3.15 ಕೋಟಿ ಡಾಲರ್ ಕೊಡುತ್ತದೆ, ಹೀಗೆ ಉಳಿತಾಯವಾದ ನೀರಿನಲ್ಲಿ ಒಂದು ಭಾಗ ಅಮೆರಿಕಕ್ಕೆ, ಒಂದು ಭಾಗ ನದಿಮುಖಜ ಭೂಮಿಗೆ. ಬರದ ಪ್ರಶ್ನೆಗೂ ಉತ್ತರವಿದೆ: ಅದೇ ನದಿಯ ಮೇಲೆ ಅಮೆರಿಕದಲ್ಲಿರುವ ಮೀಡ್ ಜಲಾಶಯದ ಮಟ್ಟ 1,075 ಅಡಿಗಿಂತ ಇಳಿದರೆ ಮೆಕ್ಸಿಕೊದ ನೀರಿನಲ್ಲೂ ಇಷ್ಟು ಕಡಿತ ಎಂದು ಹಂತಗಳನ್ನು ಮೊದಲೇ ಬರೆಯಲಾಗಿದೆ. ಕನ್ನಂಬಾಡಿಯಲ್ಲಿ 124.80 ಅಡಿಯಿಂದ ಮಟ್ಟ ಎಷ್ಟು ಇಳಿದಿದೆ ಎಂದು ಪ್ರತಿ ಬೆಳಿಗ್ಗೆ ಪತ್ರಿಕೆಯಲ್ಲಿ ನೋಡುವ ನಮಗೆ, ಎಲ್ಲರಿಗೂ ಕಾಣುವ ಒಂದು ಅಂಕಿಗೆ ಕಡಿತವನ್ನು ಕಟ್ಟಿಹಾಕುವುದರ ಬೆಲೆ ಬೇಗ ಅರ್ಥವಾಗುತ್ತದೆ.

ಸಮುದ್ರದ ನೀರನ್ನು ಸಿಹಿ ಮಾಡುವುದು ಇನ್ನೊಂದು ರೀತಿಯಲ್ಲಿ ಮುಖ್ಯ. ಎಂಐಟಿಯ ಅರ್ಥಶಾಸ್ತ್ರಜ್ಞ ಫ್ರಾಂಕ್ಲಿನ್ ಫಿಶರ್ ಪಶ್ಚಿಮ ಏಷ್ಯಾದ ನೀರಿನ ಬಗ್ಗೆ ಹೇಳುತ್ತಿದ್ದ ಮಾತು ಸರಳ: ಕರಾವಳಿಯಲ್ಲಿ ಒಂದು ಘನ ಮೀಟರ್ ಸಿಹಿ ನೀರು ಮಾಡಲು ಎಷ್ಟು ಖರ್ಚೋ ಅದಕ್ಕಿಂತ ಹೆಚ್ಚು ಬೆಲೆ ಆ ಕರಾವಳಿಯಲ್ಲಿ ನದಿ ನೀರಿಗಿರಲು ಸಾಧ್ಯವಿಲ್ಲ. ಒಳ್ಳೆಯ ಘಟಕಗಳಲ್ಲಿ ಈಗ ಅದು ಅರ್ಧ ಡಾಲರಿನ ಆಸುಪಾಸಿನಲ್ಲಿದೆ. ಡಾಲರಿಗೆ 85 ರೂಪಾಯಿ ಎಂದು ಹಿಡಿದರೆ ಒಂದು ಟಿಎಂಸಿ ಅಡಿಗೆ ಸುಮಾರು 120 ಕೋಟಿ ರೂಪಾಯಿ. ಜಗಳದಲ್ಲಿರುವ ನೀರಿಗೆ ಹೀಗೆ ಒಂದು ಗರಿಷ್ಠ ಬೆಲೆ ಗೊತ್ತಾದರೆ ಮಾತುಕತೆಯ ಧಾಟಿಯೇ ಬದಲಾಗುತ್ತದೆ. ಆದರೆ ಈ ಲೆಕ್ಕವನ್ನು ಬೆಂಗಳೂರಿಗೆ ತಂದು ಕೂರಿಸುವವರು ಒಂದನ್ನು ಗಮನಿಸಬೇಕು. ನಮ್ಮ ನಗರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ; ಒಂದು ಘನ ಮೀಟರ್ ನೀರನ್ನು ಅಷ್ಟು ಎತ್ತಲು ಯಾವ ನಷ್ಟವೂ ಇಲ್ಲದ ಪಂಪಿಗೂ ಎರಡೂವರೆ ಯೂನಿಟ್ ವಿದ್ಯುತ್ ಬೇಕು. ಒಳನಾಡಿನ ದೇಶಗಳಿಗೂ ಇದೇ ಮಾತು. ಭತ್ತಕ್ಕೆ, ಹತ್ತಿಗೆ ಈ ನೀರು ಎಲ್ಲಿಯೂ ಕೈಗೆಟುಕುವುದಿಲ್ಲ.

ಯಾರಿಗೆ ಯಾವುದು

ಎರಡು ದೇಶಗಳಿಗೂ ಹಣವಿಲ್ಲ, ನಂಬಿಕೆಯೂ ಇಲ್ಲ, ನೀರಿನ ಬಹುಪಾಲು ಬೇಸಾಯಕ್ಕೆ ಹೋಗುತ್ತದೆ ಎಂದಾದರೆ ಅನುಪಾತದ ಪಾಲನ್ನೇ ಆರಿಸಿ. ನಿಗದಿತ ಪ್ರಮಾಣ ಬೇಡ. ಮೇಲ್ಭಾಗದಲ್ಲಿ ಬೆಟ್ಟ, ಕೆಳಭಾಗದಲ್ಲಿ ಹಣ ಇದ್ದರೆ ಲೆಸೊಥೊ ಅಥವಾ ಕೊಲಂಬಿಯಾದ ದಾರಿ ನೋಡಿ. ಮೇಲ್ಭಾಗದ ದೇಶ ಮುಂಗಡ ಹಣಕ್ಕೆ ಆತುರಪಟ್ಟು ಮುಂದಿನ ಮೂವತ್ತು ವರ್ಷಗಳನ್ನು ಮಾರಿಕೊಳ್ಳುವ ಮುನ್ನ ಕಂತಿನ ರಾಯಧನವನ್ನು ಪರಿಗಣಿಸಲಿ. ಕೊಳ್ಳುವುದು ಕುಡಿಯುವ ನೀರಿಗೆ ಮಾತ್ರ, ಪ್ರಮಾಣ ಸಣ್ಣದು ಎಂದಾದರೆ ಬೆಲೆ ಕಟ್ಟಿದ ಮಾರಾಟ ಸಾಕು, ಬೆಲೆ ತಾನಾಗಿ ಏರುವ ಸೂತ್ರ ಇರಬೇಕಷ್ಟೆ. ಅಗತ್ಯದ ಹಂಗಾಮುಗಳು ಬೇರೆ ಬೇರೆಯಾಗಿದ್ದರೆ ವಿನಿಮಯ ಆಕರ್ಷಕ, ಆದರೆ ಸಂಗ್ರಹದ ಬಾಡಿಗೆಯನ್ನು ಮಳೆಗೆ ಸಂಬಂಧವಿಲ್ಲದಂತೆ ಪ್ರತಿ ವರ್ಷ ಪಾವತಿಸುವುದಾದರೆ ಮಾತ್ರ. ಶ್ರೀಮಂತ ನೆರೆಯವರಿರುವ, ಸೋರುವ ನಾಲೆಗಳಿರುವ ದೇಶಕ್ಕೆ ಮೆಕ್ಸಿಕೊ ಮಾದರಿ ಎಲ್ಲಕ್ಕಿಂತ ಬೇಗ ಫಲ ಕೊಡುತ್ತದೆ. ಇಲ್ಲಿ ಯಾರ ಊರೂ ಮುಳುಗುವುದಿಲ್ಲ.

ಫರಕ್ಕಾಕ್ಕೆ ಯಾವುದು ಎಂದು ಹಲವರು ನೇರವಾಗಿ ಕೇಳಿದ್ದಾರೆ. ಅನುಪಾತವನ್ನು ಬಿಡುವುದಕ್ಕೆ ನನಗೆ ಕಾರಣ ಕಾಣುವುದಿಲ್ಲ. ಆದರೆ ಈಗಿನ ಒಪ್ಪಂದದಲ್ಲಿ ಯಾವುದೇ ಹತ್ತು ದಿನಗಳ ಅವಧಿಯಲ್ಲಿ ಹರಿವು 50,000 ಕ್ಯೂಸೆಕ್‌ಗಿಂತ ಇಳಿದರೆ ಎರಡೂ ಸರ್ಕಾರಗಳು ತಕ್ಷಣ ಸಮಾಲೋಚಿಸಬೇಕು ಎಂದಷ್ಟೇ ಇದೆ. ಆ ಸಮಾಲೋಚನೆಯ ಜಾಗದಲ್ಲಿ, ಮೀಡ್ ಜಲಾಶಯದಂತೆ, ಇಷ್ಟಕ್ಕೆ ಇಳಿದರೆ ಯಾರಿಗೆ ಎಷ್ಟು ಎಂಬ ಹಂತಗಳು ಬರಬೇಕು. ಫರಕ್ಕಾಕ್ಕೂ ಮೇಲಿನ ಬಳಕೆಯ ಅಳತೆ ಇಬ್ಬರಿಗೂ ಕಾಣಬೇಕು. ಬೇಸಿಗೆಯ ಹರಿವನ್ನೇ ಹೆಚ್ಚಿಸುವುದಾದರೆ ಸಂಗ್ರಹಕ್ಕೆ ಜಾಗವಿರುವುದು ನೇಪಾಳದ ಬೆಟ್ಟಗಳಲ್ಲಿ. ಈ ಸಲಹೆಯನ್ನು ಬಾಂಗ್ಲಾದೇಶ ಎಪ್ಪತ್ತರ ದಶಕದಿಂದ ಮುಂದಿಡುತ್ತಿತ್ತು, ಭಾರತ ಆಗ ಬ್ರಹ್ಮಪುತ್ರದಿಂದ ಕಾಲುವೆ ತರುವ ಮಾತಾಡುತ್ತಿತ್ತು, ಎರಡೂ ಆಗಲಿಲ್ಲ. ನೇಪಾಳವನ್ನು ಸೇರಿಸಿಕೊಂಡರೆ ಅಲ್ಲಿ ಮುಳುಗುವ ಕಣಿವೆಗಳ ಜನರಿಗೆ ವಿದ್ಯುತ್ತಿನ ಆದಾಯದಲ್ಲಿ ನೇರ ಪಾಲು ಎಷ್ಟು ಎಂಬುದು, ಭಾರತ ಮತ್ತು ಬಾಂಗ್ಲಾದೇಶಗಳ ಕ್ಯೂಸೆಕ್‌ಗಳ ಪಕ್ಕದಲ್ಲೇ, ಅದೇ ಒಪ್ಪಂದದಲ್ಲಿ ಅಂಕಿಯಾಗಿ ಬರೆಯಲ್ಪಡಬೇಕು.